ಗೋಸುಂಬೆಯ ಸ್ವಂತ ಬಣ್ಣ

ಗೋಸುಂಬೆಯೊಂದು ಎಂಟು ವರ್ಷ ಒದ್ದಾಡಿ ‘ತನ್ನತನ’ದ ಮೇಲೆ ಪಿಎಚ್.ಡಿ. ಪ್ರಬಂಧ ಬರೆದು ಮುಗಿಸಿತು. ಸಲ್ಲಿಸುವ ಕೊನೆಯ ದಿನ ಕಚೇರಿಗೆ ಹೋದರೆ, ಗುಮಾಸ್ತ ಆಮೆ ಅರ್ಜಿಯನ್ನು ಒಂದೊಂದೇ ಪುಟ ತಿರುವಿ ಹೇಳಿತು: “ಸಹಿ, ಮೊಹರು, ಫೋಟೋ ಎಲ್ಲ ಸರಿಯಾಗಿದೆ. ‘ಅಭ್ಯರ್ಥಿಯ ಸ್ವಂತ ಬಣ್ಣ’ ಎಂಬಲ್ಲಿ ಮಾತ್ರ ಖಾಲಿ ಬಿಟ್ಟಿದ್ದೀರಿ. ಅದನ್ನು ತುಂಬದೆ ತೆಗೆದುಕೊಳ್ಳಲು ಬರುವುದಿಲ್ಲ.”

ಗೋಸುಂಬೆ ಮೈ ನೋಡಿಕೊಂಡಿತು. ಬೆಳಿಗ್ಗೆ ಮಾರ್ಗದರ್ಶಕ ಗಿಳಿಯ ಮುಂದೆ ಕೈಕಟ್ಟಿ ನಿಂತಾಗ ಹಸಿರಾಗಿದ್ದದ್ದು, ಈಗ ಆಮೆಯ ಚಿಪ್ಪಿನ ಬಣ್ಣಕ್ಕೆ ತಿರುಗಿತ್ತು.

“ಇಷ್ಟು ದಪ್ಪ ಪ್ರಬಂಧ ಬರೆದವರಿಗೆ ಇದೊಂದು ಗೊತ್ತಿಲ್ಲವೆ?” ಎಂದಿತು ಆಮೆ.

“ಮುನ್ನೂರು ಪುಟ ಇದರ ಮೇಲೇ ಬರೆದಿದ್ದೇನೆ ಸ್ವಾಮಿ,” ಎಂದು ಗೋಸುಂಬೆ ತನ್ನನ್ನು ನೋಡಿ ತಾನೇ ನಕ್ಕು, ಪೆನ್ನು ಕೆಳಗಿಟ್ಟಿತು. “ಒಂದು ನಿಮಿಷ ಇರಿ, ಗಿಳಿ ಮೇಷ್ಟ್ರನ್ನು ಕೇಳಿಕೊಂಡು ಬರುತ್ತೇನೆ.”