ಕೃತಿಯಲ್ಲಿಲ್ಲದ ಕೈ

“ಮೇಡಂ, ನೋವಿದೆಯೆಂದು ವೇದಿಕೆ ಬಿಡಬಾರದು ಎಂದು ನಮಗೆ ಕಲಿಸಿದವರು ನೀವು. ಈಗ ನನ್ನ ಕೃತಿಯಲ್ಲಿ ಕುಣಿಯುವ ಜೀವಿತಾ, ತನ್ನ ಮಂಡಿ ಊದಿದೆ, ನಾಳೆ ಕುಣಿಯಲಾರೆ ಎನ್ನುತ್ತಾಳೆ. ಅವಳಿಲ್ಲದೆ ನನ್ನ ಕೃತಿ ನಡೆಯುವುದಿಲ್ಲ. ಕೃತಿ ನಡೆಯದಿದ್ದರೆ ನನಗೆ ಪದವಿ ಇಲ್ಲ. ನೋವಿದ್ದರೂ ಕುಣಿ ಎಂದು ನಾನು ಅವಳಿಗೆ ಹೇಳುವುದು ತಪ್ಪೇ?”

ಕೇಳಿದವಳು ಇಂಚರಾ, ನೃತ್ಯಶಾಲೆಯ ಕೊನೆಯ ವರ್ಷದ ವಿದ್ಯಾರ್ಥಿನಿ. ಗುರು ಸುಲೋಚನಾ ಹಾಜರಿ ಪುಸ್ತಕವನ್ನು ಮುಚ್ಚಿದರು.

“ನೆಟ್ಟಗೆ ಕುಳಿತುಕೋ. ಪ್ರಶ್ನೆ ಕೇಳುವವರು ಗೋಡೆಗೆ ಒರಗುವುದಿಲ್ಲ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ.”

ಇಂಚರಾ ನೆಟ್ಟಗೆ ಕುಳಿತಳು. ಗುರು ಹೇಳಿದರು.

ಒಂದು ನೃತ್ಯಶಾಲೆ. ಅಲ್ಲಿಯೂ ಪದವಿ ಬೇಕಾದವರು ತಲೆಗೊಂದು ಹೊಸ ಕೃತಿ ಕಟ್ಟಬೇಕು. ಕಟ್ಟಿದವರು ಕುಣಿಯುವಂತಿಲ್ಲ, ಪಕ್ಕದ ಪರದೆಯ ಹಿಂದೆ ನಿಂತು ನೋಡಬೇಕು. ಕುಣಿಯುವವರು ಕೆಳಗಿನ ತರಗತಿಯ ಹುಡುಗಿಯರು. ಬೆವರು ಅವರದು, ಅಂಕ ಇವರದು. ಮೊದಲ ಸ್ಥಾನ ಬಂದ ಕೃತಿಯನ್ನು ಪದವಿ ಕೊಡುವ ದಿನ ಇನ್ನೊಮ್ಮೆ ಆಡಿಸುವುದು ಅಲ್ಲಿನ ಪದ್ಧತಿ.

ಒಬ್ಬ ವಿದ್ಯಾರ್ಥಿನಿಯ ಕೃತಿಯನ್ನು ಎರಡು ಸಲ ‘ಜೀವವಿಲ್ಲ’ ಎಂದು ಬರೆದು ಹಿಂದಿರುಗಿಸಿದ್ದರು. ಇದು ಮೂರನೆಯ ಸಲ. ಇದೂ ಹೋದರೆ ಅವಳು ನಾಲ್ಕು ವರ್ಷ ಕಲಿತದ್ದಕ್ಕೆ ಒಂದು ಹಾಳೆಯೂ ಸಿಗುತ್ತಿರಲಿಲ್ಲ.

ಅವಳ ಕೃತಿಯಲ್ಲಿ ಐವರು ಹುಡುಗಿಯರು ವೃತ್ತವಾಗಿ ಓಡುತ್ತಾರೆ. ಒಬ್ಬೊಬ್ಬರಾಗಿ ಬೀಳುತ್ತಾರೆ, ಏಳುತ್ತಾರೆ, ಮತ್ತೆ ಓಡುತ್ತಾರೆ. ಹಾಡಿಲ್ಲ, ಕತೆಯಿಲ್ಲ. ಸಮಕಾಲೀನ ನೃತ್ಯದಲ್ಲಿ ತಾನಾಗಿ ಬಿದ್ದದ್ದು ಯಾವುದು, ಬೇಕೆಂದೇ ಬೀಳಿಸಿದ್ದು ಯಾವುದು ಎಂದು ನೋಡುವವರಿಗೆ ತಿಳಿಯುವುದಿಲ್ಲ. ಕಟ್ಟಿದವಳಿಗೆ ತಿಳಿಯುತ್ತದೆ.

ಪರೀಕ್ಷೆಯ ದಿನ ಐದನೆಯ ಹುಡುಗಿ ಬಿದ್ದಳು. ಏಳಲಿಲ್ಲ. ಅವಳ ಪಾದ ತಿರುಚಿಕೊಂಡಿತ್ತು. ಅವಳು ಪಕ್ಕದ ಪರದೆಯ ಕಡೆಗೆ ಕೈ ಚಾಚಿದಳು. ಆ ಕೈ ಕೃತಿಯಲ್ಲಿ ಇರಲಿಲ್ಲ. ಉಳಿದ ನಾಲ್ವರು ಅವಳನ್ನು ಸುತ್ತಿ ಬಳಸಿ ಓಡಿದರು. ಒಬ್ಬಳು ದಾಟಿಕೊಂಡೇ ಹೋದಳು.

ಪರದೆಯ ಹಗ್ಗ ಹಿಡಿದಿದ್ದ ಮುದುಕ ಕೇಳಿದ: “ಅವ್ವಾ, ಆ ಹುಡುಗಿ ಎದ್ದಿಲ್ಲ. ಪರದೆ ಎಳೀಲಾ?”

ಕಟ್ಟಿದವಳು ಸಭೆಯ ಕಡೆ ನೋಡಿದಳು. ಮೂವರು ಪರೀಕ್ಷಕರೂ ಬರೆಯುವುದನ್ನು ನಿಲ್ಲಿಸಿ ಮುಂದಕ್ಕೆ ಬಾಗಿದ್ದರು.

“ಮುಟ್ಟಬೇಡಿ. ಇನ್ನು ನಾಲ್ಕೇ ನಿಮಿಷ.”

“ನಿಮಗೆ ನಾಲ್ಕೇ. ಅವಳಿಗೆ?” ಎಂದ ಮುದುಕ. ಆದರೂ ಹಗ್ಗ ಎಳೆಯಲಿಲ್ಲ. ಕೆಲಸ ಅವನಿಗೂ ಬೇಕಿತ್ತು.

ನಾಲ್ಕು ನಿಮಿಷ ಆ ಕೈ ಹಾಗೆಯೇ ಇತ್ತು. ಮುಗಿದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹಿರಿಯ ಪರೀಕ್ಷಕರು ಕಟ್ಟಿದವಳನ್ನು ಕರೆದು, ಆ ಕೈ ನಿನಗೆ ಹೇಗೆ ಹೊಳೆಯಿತಮ್ಮ ಎಂದು ಕೇಳಿದರು. ಕೊನೆಯ ಗಳಿಗೆಯಲ್ಲಿ ಹೊಳೆಯಿತು ಸರ್ ಎಂದಳು. ನಾಚಿಕೆಯಿಲ್ಲದವಳು. ಬೆನ್ನ ಹಿಂದೆ ಆ ಹುಡುಗಿಯನ್ನು ಇಬ್ಬರು ಎತ್ತಿಕೊಂಡು ಹೋಗುತ್ತಿದ್ದರು, ಇವಳು ತಿರುಗಿ ನೋಡಲಿಲ್ಲ.

ಮೊದಲ ಸ್ಥಾನ ಅವಳಿಗೆ ಬಂತು. ಬಿದ್ದವಳ ಮೂಳೆ ಎರಡು ಕಡೆ ಮುರಿದಿತ್ತು.

ಪದವಿಯ ದಿನಕ್ಕೆ ಬೇರೊಬ್ಬಳನ್ನು ಸಿದ್ಧಪಡಿಸಬೇಕಾಯಿತು. ಹೊಸಬಳಿಗೆ ಬೀಳುವುದು ಬಂತು, ಏಳದೆ ಇರುವುದು ಬಂತು, ಕೈ ಮಾತ್ರ ಬರಲಿಲ್ಲ. ಬಸ್ಸಿಗೆ ಕೈ ಅಡ್ಡ ಹಾಕಿದ ಹಾಗಿದೆ ಎಂದು ಜೊತೆಯವರು ನಕ್ಕರು. “ಎಲ್ಲಿಗೆ ಹೋಗ್ಬೇಕಮ್ಮ, ಟಿಕೆಟ್ ತಗೋ” ಎಂದಳು ಒಬ್ಬಳು.

ಕಟ್ಟಿದವಳು ಬಿದ್ದವಳ ಮನೆಗೆ ಹೋದಳು. ಶಾಲೆಯಿಂದ ಅದುವರೆಗೆ ಯಾರೂ ಅಲ್ಲಿಗೆ ಹೋಗಿರಲಿಲ್ಲ. ಆ ಹುಡುಗಿಗೆ ಸಂತೋಷವಾಯಿತು. ಪ್ಲಾಸ್ಟರ್ ಹಾಕಿದ ಕಾಲನ್ನು ಎರಡು ಕೈಯಲ್ಲಿ ಎತ್ತಿ ಪಕ್ಕಕ್ಕಿಟ್ಟು, ಮಂಚದ ಮೇಲೆ ಜಾಗ ಮಾಡಿಕೊಟ್ಟಳು.

“ಬನ್ನಿ ಅಕ್ಕ, ಕೂತ್ಕೊಳ್ಳಿ.”

“ಹೊತ್ತಿಲ್ಲ ಕಣೇ. ಅವತ್ತು ಆ ಕೈ ಹೇಗೆ ಮಾಡಿದೆ? ಒಂದು ಸಲ ತೋರಿಸು.”

“ಮಾಡಿದ್ದಲ್ಲ ಅಕ್ಕ. ನಿಮ್ಮನ್ನ ಕರೆದೆ.”

“ಅದು ಗೊತ್ತು. ಬೆರಳು ಬಿಚ್ಚಿದ್ದೆಯೋ, ಮಡಚಿದ್ದೆಯೋ?”

ಗುರು ಇಲ್ಲಿಗೆ ನಿಲ್ಲಿಸಿದರು. ಹಾಜರಿ ಪುಸ್ತಕದ ಮೇಲಿದ್ದ ಅವರ ಕೈ ಮುಷ್ಟಿಯಾಗಿತ್ತು.

“ಆ ಹುಡುಗಿ ತೋರಿಸಿದಳೇ, ಮೇಡಂ?”

“ತೋರಿಸಿದಳು. ಹಿರಿಯರು ಕೇಳಿದರೆ ಇಲ್ಲವೆನ್ನಬಾರದು ಎಂದು ಅವಳಿಗೆ ಕಲಿಸಿದ್ದರು. ಒಳ್ಳೆಯ ಹುಡುಗಿ. ಒಳ್ಳೆಯವರಾದ್ದರಿಂದಲೇ ಅಂಥವರನ್ನು ನಿಮ್ಮಂಥವರು ಆರಿಸಿಕೊಳ್ಳುತ್ತೀರಿ. ಪದವಿಯ ದಿನ ಚಪ್ಪಾಳೆ ಇನ್ನೂ ಜೋರಾಗಿ ಬಿತ್ತು. ಬೈಯಬೇಕಾದವರೆಲ್ಲ ಮೊದಲ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟುತ್ತಿದ್ದರು. ಆ ಹುಡುಗಿ ಮತ್ತೆ ಕುಣಿಯಲಿಲ್ಲ. ಈಗಲೂ ಮೆಟ್ಟಿಲನ್ನು ಗೋಡೆ ಹಿಡಿದು ಹತ್ತುತ್ತಾಳೆ.”

ಇಂಚರಾ ತಲೆ ತಗ್ಗಿಸಿದಳು. ಆದರೆ ಸೋಲು ಒಪ್ಪಲು ಅವಳಿಗೆ ಮನಸ್ಸಾಗಲಿಲ್ಲ. ನಾಲ್ಕು ವರ್ಷದ ಪದವಿ ನಾಳೆಯ ಹನ್ನೆರಡು ನಿಮಿಷಗಳಲ್ಲಿತ್ತು.

“ಆದರೂ ಮೇಡಂ, ಕಾಲು ಮುರಿದರೂ ನಿಲ್ಲಿಸಬೇಡ ಎಂದು ಹೋದ ತಿಂಗಳು ನೀವೇ ನನಗೆ ಹೇಳಿದಿರಿ.”

“ಹೇಳಿದ್ದು ನಿನ್ನ ಕಾಲಿಗೆ, ಜೀವಿತಾಳ ಕಾಲನ್ನು ನಿನಗೆ ಕೊಟ್ಟವರು ಯಾರು?”