ಹೆಸರಿಗಾಗಿ ಕಾದ ಕೂಸು

"ಗುರುಗಳೇ, ನಾವು ಹೇಳಿದ್ದು ಜನರ ಮನಸ್ಸಿಗೆ ತಟ್ಟಬೇಕು, ಅವರು ತಾವಾಗಿಯೇ ಅದನ್ನು ಇನ್ನೊಬ್ಬರಿಗೆ ಕಳಿಸಬೇಕು. ಅದಕ್ಕೆ ಏನು ಮಾಡಬೇಕು?" ಎಂದು ಚಿದಂಬರ ಕೇಳಿದ.

ದಾಸೋಹದಲ್ಲಿ ಒಬ್ಬ ಕುರುಡು ಅಜ್ಜಿಗೆ ತಾನು ಅನ್ನ ಕಲಸಿ ತಿನ್ನಿಸಿದ್ದನ್ನು ಅವನು ವಿಡಿಯೊ ಮಾಡಿಸಿ, ಕೊಳಲಿನ ದನಿ ಸೇರಿಸಿ ಜಾಲತಾಣದಲ್ಲಿ ಹಾಕಿದ್ದ. ನೋಡಿದವರು ಕೈಮುಗಿಯುವ ಚಿತ್ರ ಒತ್ತಿ ಸುಮ್ಮನಾಗಿದ್ದರು. ಒಬ್ಬರೂ ಹಂಚಿಕೊಂಡಿರಲಿಲ್ಲ.

ಗುರುಗಳು ನಕ್ಕರು. "ಕೊಳಲು ಊದಿದವನದೇನೂ ತಪ್ಪಿಲ್ಲ ಬಿಡು. ಕುಳಿತುಕೋ" ಎಂದು ಕತೆ ಹೇಳಿದರು.

ಒಬ್ಬ ನೇಕಾರ ತುಂಬು ಬಸುರಿ ಹೆಂಡತಿಯನ್ನು ಗಾಡಿಯಲ್ಲಿ ತವರಿಗೆ ಕರೆದೊಯ್ಯುತ್ತಿದ್ದ. ದಾರಿಯಲ್ಲೇ ಅವಳಿಗೆ ಹೆರಿಗೆ ಬೇನೆ ಬಂತು. ತಲೆಯ ಮೇಲೆ ಗಂಟು ಹೊತ್ತು ಹೋಗುತ್ತಿದ್ದ ಹೆಂಗಸೊಬ್ಬಳು ಗಂಟು ಇಳಿಸಿ ಓಡಿಬಂದಳು. ಹುಟ್ಟಿದ ಹೆಣ್ಣುಕೂಸು ಅಳಲಿಲ್ಲ. ಆ ಹೆಂಗಸು ಅದರ ಬಾಯಿಗೆ ಬಾಯಿಟ್ಟು ಉಸಿರೂದಿದಳು. ಕೂಸು ಅತ್ತಿತು. ನೇಕಾರನೂ ಅತ್ತ. ಅವನು ಕಣ್ಣೊರೆಸಿಕೊಂಡು ನೋಡುವಷ್ಟರಲ್ಲಿ ಅವಳು ಹೊರಟುಹೋಗಿದ್ದಳು.

ತೊಟ್ಟಿಲಿಗೆ ಹಾಕುವ ದಿನ ನೆಂಟರು ಹೆಸರೇನು ಎಂದರು. "ಉಸಿರು ಕೊಟ್ಟ ತಾಯಿಯ ಹೆಸರು. ಈ ಋಣ ತೀರುವಂಥದ್ದಲ್ಲ, ಹೆಸರಾದರೂ ನಮ್ಮ ಮನೆಯಲ್ಲಿರಲಿ. ಅದು ತಿಳಿಯುವವರೆಗೆ ತೊಟ್ಟಿಲಿಲ್ಲ" ಎಂದ ನೇಕಾರ. ಹಿರಿಯರು ಬೈದರು. ಹೆಸರಿಲ್ಲದ ಕೂಸು ಮನೆಗೆ ಒಳ್ಳೆಯದಲ್ಲವೆಂದು ಹೆದರಿಸಿದರು. ಅವನು ಜಗ್ಗಲಿಲ್ಲ.

ಸೀರೆ ಮಾರಲು ಸಂತೆಗೆ ಹೋದಾಗಲೆಲ್ಲ ಅವನದು ಒಂದೇ ಮಾತು. "ಆ ತಾಯಿ ಬಲಗೈಯಾಗ ಸುಟ್ಟ ಕಲೆ ಇತ್ತು. ಕಂಡ್ರ ಹೆಸರು ಕೇಳ್ಕೊಂಡು ಬರ್ರಿ. ನನ್ನ ಕೂಸು ಕಾಯಾಕತ್ತೈತಿ."

ಅದೇ ಸಂತೆಯಲ್ಲಿ ಒಬ್ಬ ವರ್ತಕ ತಾನು ಇಡಿಸಿದ ಅರವಟ್ಟಿಗೆಯ ಮೇಲೆ ಹಾಡು ಕಟ್ಟಿಸಿ, ಡೋಲು ಬಾರಿಸಿ ಹಾಡಿಸುತ್ತಿದ್ದ. ಜನ ನಿಂತು ಕೇಳಿ, ತಲೆದೂಗಿ, ನೀರು ಕುಡಿದು ಹೋಗುತ್ತಿದ್ದರು. ಹಾಡು ಸಂತೆ ದಾಟಲಿಲ್ಲ. ನೇಕಾರನ ಮಾತು ಬಳೆಗಾರರ ಜೊತೆ, ತವರಿಗೆ ಹೊರಟ ಸೊಸೆಯರ ಜೊತೆ ಊರೂರು ತಿರುಗಿತು. ಬಾವಿಕಟ್ಟೆಗಳಲ್ಲಿ ಹೆಂಗಸರು ಒಬ್ಬರ ಕೈ ಒಬ್ಬರು ಹಿಡಿದು ನೋಡತೊಡಗಿದರು.

ಒಂದು ಬೆಳಿಗ್ಗೆ ಅವಳು ಬಂದೇಬಿಟ್ಟಳು. ಬಾಗಿಲಲ್ಲಿ ನಿಂತು, "ನನ್ನ ಹೆಸರು ನೀಲವ್ವ. ಕಂಡವರೆಲ್ಲ ಕೈ ಹಿಡಿದು, ನಿನ್ನ ಹೆಸರಿಗೆ ಒಂದು ಕೂಸು ಕಾಯಾಕತ್ತೈತಿ, ಹೋಗವ್ವ ಅಂದ್ರು. ಬಂದ್ನಿ" ಎಂದಳು. ನೇಕಾರ ಅವಳ ಕಾಲಿಗೆ ಬಿದ್ದ. ಅಷ್ಟು ಹೊತ್ತಿಗೆ ಮನೆ ತುಂಬ ಓಡಾಡುತ್ತಿದ್ದ ಕೂಸನ್ನು ಕಾಲು ಮಡಿಸಿ ತೊಟ್ಟಿಲಲ್ಲಿ ಕೂರಿಸಬೇಕಾಯಿತು. ನೀಲವ್ವನೇ ಅದರ ಕಿವಿಯಲ್ಲಿ ಹೆಸರು ಹೇಳಿದಳು. ಬೈದಿದ್ದ ಹಿರಿಯರೇ ಸಕ್ಕರೆ ಹಂಚಿದರು.

ಚಿದಂಬರನ ಕಣ್ಣು ತೇವವಾಗಿತ್ತು. "ಇದನ್ನೇ ಹಾಕುತ್ತೇನೆ ಗುರುಗಳೇ. ಎಲ್ಲರೂ ಹಂಚಿಕೊಳ್ಳುತ್ತಾರೆ!" ಎಂದ.

ಗುರುಗಳು ಅವನನ್ನೇ ನೋಡಿ ಕೇಳಿದರು: "ಹಾಕುವೆಯಂತೆ. ನೀನು ಅನ್ನ ತಿನ್ನಿಸಿದೆಯಲ್ಲ, ಆ ಅಜ್ಜಿಯ ಹೆಸರೇನು?"