ಓಲ್ಶಿನ್ ಪಟ್ಟಣವನ್ನು ಬಲ್ಲವನು

"ಓಲ್ಶಿನ್ ಪಟ್ಟಣದ ಪ್ರಜೆಗಳೇ, ಕೇಳಿ! ನಿಮ್ಮ ಊರಿಗೆ ಹೊಸ ಒಡೆಯ ಬೇಕಾಗಿದ್ದಾನೆ. ರಾಜಕುಮಾರಿ ಎಲಿಷ್ಕಾ ಈ ಊರಿನ ಬಗ್ಗೆಯೇ ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿದವನಿಗೆ ಊರಿನ ಒಡೆತನ. ರಾಜಕುಮಾರಿ ಒಪ್ಪಿದರೆ ಅವರ ಕೈಯೂ ಅವನದೇ. ಒಂದು ತಪ್ಪಿದರೂ ತಲೆ ಹೋಗುತ್ತದೆ!"

ಚೆಕ್ ನಾಡಿನ ದಕ್ಷಿಣದ ಆ ಪುಟ್ಟ ಪಟ್ಟಣದ ಚೌಕದಲ್ಲಿ ಡಂಗುರ ಹೀಗೆ ಮೊಳಗಿತು. ಹಿಂದಿನ ಒಡೆಯ ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಊರಿನ ಬೀದಿಗಳಲ್ಲಿ ನಡೆದವನಲ್ಲ. ಅದಕ್ಕೇ ಊರನ್ನು ಬಲ್ಲವನೇ ಬೇಕೆಂದು ಎಲಿಷ್ಕಾ ಹಟ ಹಿಡಿದಿದ್ದಳು. ತಲೆದಂಡದ ಮಾತು ಮಾತ್ರ ಅವಳ ತಂದೆ, ರಾಜ ಬೊಹುಸ್ಲಾವ್, ತಾನಾಗಿ ಸೇರಿಸಿದ್ದು.

ಮೊದಲು ಬಂದವನು ದಳಪತಿ ಓತಕರ್. ಕೋಟೆಯ ಅಂಗಳದಲ್ಲಿ ಜನ ಕಿಕ್ಕಿರಿದಿದ್ದರು. ಎಲಿಷ್ಕಾ ಕೇಳಿದಳು: "ಅವಳು ಈ ಊರನ್ನು ಮೂರು ಕಡೆಯಿಂದ ತಬ್ಬಿಕೊಂಡಿದ್ದಾಳೆ. ಕ್ಷಣಕ್ಷಣವೂ ಊರು ಬಿಟ್ಟು ಹೋಗುತ್ತಾಳೆ, ಆದರೆ ಅವಳಿಲ್ಲದ ದಿನವನ್ನು ಊರು ಕಂಡಿಲ್ಲ. ಯಾರವಳು?"

"ಇದೂ ಒಂದು ಒಗಟೇ? ಕೋಟೆಯ ಗೋಡೆ!" ಎಂದ ಓತಕರ್.

"ಗೋಡೆ ಊರು ಬಿಟ್ಟು ಎಲ್ಲಿಗೆ ಹೋಗುತ್ತದೆ, ದಳಪತಿಗಳೇ?"

ಕಾವಲಿನವರು ಅವನನ್ನು ಮರುದಿನದ ತಲೆದಂಡಕ್ಕೆಂದು ಸೆರೆಮನೆಗೆ ಕರೆದೊಯ್ದರು.

ಎರಡನೆಯವನು ಯಾರೋಮಿರ್, ರಾಜಧಾನಿಯಲ್ಲಿ ಓದಿದ ಪಂಡಿತ. ಅವನು ಊರಿಗೆ ಬರುವಾಗಲೇ ನದಿಯನ್ನು ಸರಿಯಾಗಿ ನೋಡಿಕೊಂಡಿದ್ದ. "ಲುಜ್ನಾ ನದಿ" ಎಂದುಬಿಟ್ಟ. ಜನ ಸಮಾಧಾನದ ಉಸಿರು ಬಿಟ್ಟರು. ಎಲಿಷ್ಕಾ ಮುಂದುವರಿಸಿದಳು: "ಇಲ್ಲೊಂದು ಹೊಲವಿದೆ. ಬೇಸಿಗೆಯೆಲ್ಲ ನೀರಿನಡಿ ಇರುತ್ತದೆ. ಚಳಿ ಶುರುವಾಗುವ ಮುಂಚೆ ಅದರ ಕೊಯ್ಲು. ಆ ಬೆಳೆಗೆ ಬೇರಿಲ್ಲ, ಕಣ್ಣಿದೆ. ಏನದು?"

ಯಾರೋಮಿರ್ ಬಹಳ ಹೊತ್ತು ಯೋಚಿಸಿ, "ಆಲೂಗಡ್ಡೆ. ಅದಕ್ಕೂ ಕಣ್ಣಿರುತ್ತದೆ" ಎಂದ.

ಹಿಂದಿನಿಂದ ಒಬ್ಬ ಮುದುಕಿ, "ಅಯ್ಯೋ, ಬೇಸಿಗೆಯೆಲ್ಲ ನೆನೆಸಿಟ್ಟರೆ ಕೊಳೆತು ನಾರುತ್ತಲ್ಲಪ್ಪ!" ಎಂದಳು. ಯಾರೂ ನಗಲಿಲ್ಲ. ಪಂಡಿತನ ಮುಖ ಸುಣ್ಣದಂತಾಗಿತ್ತು. ಕಾವಲಿನವರು ಅವನನ್ನೂ ಸೆರೆಮನೆಗೆ ಕರೆದೊಯ್ದರು.

ಆಗ ಜನರ ನಡುವಿನಿಂದ ಪ್ರೋಕೊಪ್ ಮುಂದೆ ಬಂದ. ಕೆರೆಯ ಏರಿಗೆ ಮಣ್ಣು ಹೊತ್ತು, ಬಿರುಕು ಮುಚ್ಚುವುದು ಅವನ ಕೆಲಸ. ಮೊಣಕಾಲಿನವರೆಗೆ ಕೆಸರು ಒಣಗಿತ್ತು.

"ನಿನಗೆ ಜೀವ ಭಾರವಾಗಿದೆಯೇನು?" ಎಂದ ರಾಜ.

"ಇಲ್ಲ, ಪ್ರಭು. ಆದರೆ ನಾಳೆ ಇನ್ನೊಬ್ಬ ಹೊರಗಿನವನು ಬಂದು ಸಾಯುವುದನ್ನು ನೋಡಿಕೊಂಡಿರಲಾರೆ. ಉತ್ತರ ನನಗೆ ಗೊತ್ತು."

ಅವನು ನಿಧಾನವಾಗಿ ಹೇಳಿದ. "ಮೊದಲನೆಯದು ಲುಜ್ನಾ. ಊರು ನಿಂತ ಬೆಟ್ಟವನ್ನು ಮೂರು ಕಡೆ ಸುತ್ತುತ್ತಾಳೆ, ಪಶ್ಚಿಮವನ್ನು ಬಿಡುತ್ತಾಳೆ. ಅವಳು ಬಿಟ್ಟ ಕಡೆಯಲ್ಲಿ ನಮ್ಮ ಹಿರಿಯರು ಕೆರೆ ತೋಡಿದರು. ನಿಮ್ಮ ಎರಡನೆಯ ಒಗಟಿನ ಹೊಲ ಅದೇ. ಅಕ್ಟೋಬರಿನಲ್ಲಿ ತೂಬು ತೆಗೆದು ನೀರು ಬಿಡುತ್ತೇವೆ. ತಳದಲ್ಲಿ ಕಾರ್ಪ್ ಮೀನುಗಳು ಹೊಳೆಯುತ್ತ ಹೊರಳಾಡುತ್ತವೆ. ಅದೇ ನಮ್ಮ ಕೊಯ್ಲು."

ಎಲಿಷ್ಕಾ ತಲೆದೂಗಿ ಮೂರನೆಯದನ್ನು ಕೇಳಿದಳು. "ಊರು ಕಾಯಲೆಂದು ಕಟ್ಟದ ಒಂದು ಗೋಡೆ ಊರನ್ನು ಕಾಯಿತು, ಅದೂ ನಿಂತಿದ್ದಾಗ ಅಲ್ಲ, ಬಿದ್ದಾಗ. ಯಾವ ಗೋಡೆ? ಬೀಳಿಸಿದವರು ಯಾರು?"

"ಕೆರೆಯ ಏರಿ. ಸ್ವೀಡನ್ನಿನ ಸೈನ್ಯ ಮುತ್ತಿಗೆ ಹಾಕಿ ತಗ್ಗಿನಲ್ಲಿ ಡೇರೆ ಹೊಡೆದಿದ್ದಾಗ ಏರಿಯನ್ನು ಒಡೆದು ಅವರ ಮೇಲೆ ನೀರು ಬಿಟ್ಟರು. ಒಡೆದವರು ಏರಿಯ ಬುಡದಲ್ಲೇ ಮನೆ ಮಾಡಿಕೊಂಡಿದ್ದ ಕೆಳಗೇರಿಯ ಜನ."

ರಾಜ ದಡಕ್ಕನೆ ಎದ್ದ. "ತಪ್ಪು! ಒಡೆಸಿದವರು ನಮ್ಮ ಮುತ್ತಜ್ಜ. ಕೋಟೆಯ ಬಾಗಿಲ ಮೇಲಿನ ಕಲ್ಲಿನಲ್ಲಿ ಕೆತ್ತಿದೆ. ಹಿಡಿಯಿರಿ ಇವನನ್ನು!"

'ಹೌದು, ಮರೆತಿದ್ದೆ' ಎಂದರೆ ರಾಜ ಬಿಟ್ಟರೂ ಬಿಟ್ಟಾನು. ಆದರೂ ಪ್ರೋಕೊಪ್ ಹೇಳಿದ: "ಪ್ರಭು, ನೀರು ಮೊದಲು ನುಗ್ಗಿದ್ದು ಕೆಳಗೇರಿಯ ಮನೆಗಳಿಗೆ. ಅದು ಗೊತ್ತಿದ್ದೇ ಅವರು ಒಡೆದರು. ಒಡೆದ ಜಾಗ ನನಗೆ ಗೊತ್ತು. ಅಲ್ಲಿಯ ಮಣ್ಣೇ ಬೇರೆ. ಬಂದು ಅಗೆಸಿ ನೋಡಿ, ಆಮೇಲೆ ತಲೆ ತೆಗೆಯಿರಿ."

"ನೋಡೋಣ, ಅಪ್ಪಾ" ಎಂದಳು ಎಲಿಷ್ಕಾ. "ಒಗಟು ನನ್ನದು. ಕಲ್ಲಿನ ಮಾತು ನಿಜವೋ ಅಲ್ಲವೋ ಎಂದು ನನಗೂ ಬಹಳ ದಿನದಿಂದ ಅನುಮಾನ."

ಊರಿಗೆ ಊರೇ ಏರಿಗೆ ನಡೆಯಿತು. ಪ್ರೋಕೊಪ್ ತೋರಿಸಿದಲ್ಲಿ ಕಾವಲಿನವರು ಅಗೆದರು. ಆಳಾಳದಲ್ಲಿ ನೀಲಿ ಜೇಡಿಮಣ್ಣು ಸಿಕ್ಕಿತು, ಅದರೊಳಗೆ ಕೊಳೆಯದೆ ಉಳಿದ ಮರದ ಸಾಮಾನು. ರೊಟ್ಟಿಯನ್ನು ಒಲೆಗೆ ತಳ್ಳುವ ಹಲಗೆ, ತುದಿ ಸವೆದ ಸೌಟುಗಳು, ಒಂದು ತೊಟ್ಟಿಲ ಪಟ್ಟಿ.

"ನಿಮ್ಮ ಮುತ್ತಜ್ಜನ ಸೈನಿಕರ ಬಳಿ ಕಬ್ಬಿಣದ ಗುದ್ದಲಿ ಇತ್ತು" ಎಂದ ಪ್ರೋಕೊಪ್. "ಕೆಳಗೇರಿಯವರು ಅಗೆಯಲು ಮನೆಯಲ್ಲಿ ಕೈಗೆ ಸಿಕ್ಕಿದ್ದನ್ನು ಹಿಡಿದು ಬಂದರು. ಆಮೇಲೆ ಏರಿ ಮುಚ್ಚಿದಾಗ ಅವೂ ಒಳಗೇ ಉಳಿದವು."

ರಾಜ ಸೌಟೊಂದನ್ನು ಕೈಗೆತ್ತಿಕೊಂಡ. ಅದರ ಮಣ್ಣನ್ನು ತನ್ನ ತೋಳಿನಲ್ಲೇ ಒರೆಸಿದ. ಟೊಪ್ಪಿಗೆ ತೆಗೆದು, "ಓಲ್ಶಿನ್ ಇಷ್ಟು ದೊಡ್ಡ ಊರೆಂದು ನನಗೆ ಗೊತ್ತಿರಲಿಲ್ಲ" ಎಂದ. "ಇಂದಿನಿಂದ ಇದು ನಿನ್ನದು. ಇನ್ನೇನು ಬೇಕು, ಕೇಳು."

"ಆ ಇಬ್ಬರನ್ನು ಬಿಟ್ಟುಬಿಡಿ, ಪ್ರಭು. ಒಂದು ವರ್ಷ ಇಲ್ಲೇ ಇದ್ದರೆ ಅವರಿಗೂ ಊರು ಗೊತ್ತಾಗುತ್ತದೆ."

ರಾಜ ಒಪ್ಪಿದ. ಎಲಿಷ್ಕಾ ಪ್ರೋಕೊಪನ ಪಕ್ಕಕ್ಕೆ ಬಂದು ಕೈ ಹಿಡಿದು, "ನನ್ನ ಒಪ್ಪಿಗೆ ಯಾರೂ ಕೇಳಲಿಲ್ಲ. ಆದರೂ ಹೇಳುತ್ತೇನೆ, ಒಪ್ಪಿದ್ದೇನೆ" ಎಂದಳು. ಅವನು ತನ್ನ ಕೆಸರು ಕೈಯನ್ನು ಹಿಂದೆಳೆದುಕೊಳ್ಳಲು ನೋಡಿದ. ಅವಳು ಬಿಡಲಿಲ್ಲ.

ಮರುವಾರ ಏರಿಯ ಮೇಲೆ ಹೊಸ ಕಲ್ಲು ನಿಂತಿತು. ಏರಿ ಒಡೆದವರಲ್ಲಿ ಪ್ರೋಕೊಪನಿಗೆ ಗೊತ್ತಿದ್ದದ್ದು ಒಂದೇ ಹೆಸರು, ಅವನ ಮುತ್ತಜ್ಜಿ ದೊರೋತಾಳದು. ಕಲ್ಲುಕುಟಿಗ ಅದನ್ನು ಕೆತ್ತಿ ಉಳಿ ಕೆಳಗಿಡುವಷ್ಟರಲ್ಲಿ ಒಬ್ಬ ಹೆಂಗಸು ಬಂದು ತನ್ನ ಮನೆಯ ಹಿರಿಯರೊಬ್ಬರ ಹೆಸರು ಹೇಳಿದಳು. ಅವಳ ಹಿಂದೆ ಇನ್ನೊಬ್ಬ. ಮಧ್ಯಾಹ್ನದ ಹೊತ್ತಿಗೆ ಸಾಲು ಕೆರೆಯ ಆ ತುದಿಯವರೆಗೆ ಬೆಳೆದಿತ್ತು.